ಷಡ್ಡಕನಿಂದ ನಾನು ಡ್ರೈವಿಂಗ್ ಕಲಿತದ್ದು

ಹಾಸನ ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ ಎಂದು ನಾನಾಗಿ ಎಂದೂ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತೇನೆ. ಅವರು ತಡ ಮಾಡಿದರೆ ಮಾತ್ರ ನಾನೇ ಶುರು ಮಾಡುತ್ತೇನೆ. ಶಿರಾಡಿ ಘಾಟಿಯನ್ನು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಕೋಡುಬಳೆ ಹಿಡಿದು ಇಳಿದವನು ನಾನು. ಕೋಡುಬಳೆ ಕೂಡ ಮುರಿದಿರಲಿಲ್ಲ.

ಇಂಥ ನಾನು ಇಳಿವಯಸ್ಸಿನಲ್ಲಿ ಚೆನ್ನೈಗೆ ಬಂದೆ. ಹಾಸನದ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿ ನಿವೃತ್ತನಾದವನನ್ನು ಹಳೆಯ ಸಹೋದ್ಯೋಗಿಯೊಬ್ಬರು ಗಿಂಡಿಯ ತಮ್ಮ ಕಂಪನಿಗೆ ಸಲಹೆಗಾರನಾಗಿ ಕರೆದರು. ಕೆಲಸವೇನೂ ಕಷ್ಟದ್ದಲ್ಲ. ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹುಡುಗರಿಗೆ ಹೇಳುವುದು, ಅವರು ಹಾಕಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳುವುದು. ವೇಲಚೇರಿಯಲ್ಲಿ ಲಿಫ್ಟ್ ಇರುವ ಫ್ಲ್ಯಾಟು ಸಿಕ್ಕಿತು. ಕಾರು ಬಂತು, ಹೆಂಡತಿ ವೇದಾಳೂ ಬಂದಳು. ನಾನು ಹೇಳುವ ಈ ಕ್ರಮ ಅವಳಿಗೆ ಹಿಡಿಸುವುದಿಲ್ಲ.

ವೇದಾಗೆ ಈ ಊರೆಂದರೆ ಖುಷಿ, ಏಕೆಂದರೆ ಅವಳ ಅಕ್ಕ ಪದ್ಮಕ್ಕ ಪೆರಂಬೂರಿನಲ್ಲಿದ್ದಾರೆ. ನನಗೆ ಈ ಊರು ಸ್ವಲ್ಪ ಕಷ್ಟ, ಏಕೆಂದರೆ ಪದ್ಮಕ್ಕನ ಗಂಡ ಪಾರ್ಥಸಾರಥಿಯೂ ಪೆರಂಬೂರಿನಲ್ಲಿದ್ದಾರೆ. ಅವರು ನನ್ನ ಷಡ್ಡಕ. ತಾತನ ಕಾಲದಿಂದ ಮದ್ರಾಸಿನವರು, ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು, ಮಾತಿಗೊಮ್ಮೆ ರೂಲ್ ಹೇಳುವವರು. ನನಗಿಂತ ದೊಡ್ಡವರಾದ್ದರಿಂದ ನಾನು ಭಾವ ಎನ್ನುತ್ತೇನೆ. ಹೆಸರೇನೋ ಸಾರಥಿ, ಆದರೆ ಆ ಮನುಷ್ಯನ ಬಳಿ ಒಂದು ಸೈಕಲ್ಲೂ ಇಲ್ಲ. ಮದುವೆಯಾದಾಗಿನಿಂದ ನಾನು ಅವರನ್ನು ಇದೇ ವಿಷಯಕ್ಕೆ ಆಡಿಕೊಳ್ಳುತ್ತ ಬಂದಿದ್ದೇನೆ. ಅವರು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ಇಲ್ಲದ್ದಕ್ಕೆ ಎಂದು ನಾನು ತಿಳಿದಿದ್ದೆ.

ನಾವು ಬಂದ ಸ್ವಲ್ಪ ದಿನಕ್ಕೆ ಪದ್ಮಕ್ಕ ಆಟೋದಿಂದ ಇಳಿಯುವಾಗ, ಇನ್ನೊಂದು ಕಾಲು ಕೆಳಗಿಡುವ ಮೊದಲೇ ಆಟೋ ಹೊರಟುಬಿಟ್ಟಿತು. ಮೊದಲೇ ಸವೆದಿದ್ದ ಮಂಡಿ ಪೂರ್ತಿ ಹೋಯಿತು. ಮಂಡಿ ಬದಲಾಯಿಸಬೇಕು ಎಂದರು ಡಾಕ್ಟರು. ಪದ್ಮಕ್ಕ ಎರಡು ಷರತ್ತು ಹಾಕಿದರು. ಆಪರೇಷನ್ ಆದ ಮೇಲೆ ತಮ್ಮ ಮಹಡಿ ಮನೆಯ ಮೆಟ್ಟಿಲು ಹತ್ತುವುದಿಲ್ಲ, ತಂಗಿಯ ಮನೆಯಲ್ಲಿ ಇರುತ್ತೇನೆ. ಮತ್ತು ಬಾಡಿಗೆ ಗಾಡಿಗೆ ಇನ್ನು ಜನ್ಮದಲ್ಲಿ ಹತ್ತುವುದಿಲ್ಲ.

"ಹಾಗಾದ್ರೆ ಹ್ಯಾಗೆ ಹೋಗ್ತೀಯ ಪದ್ಮಾ?" ಎಂದರು ಭಾವ. "ಟ್ಯಾಕ್ಸಿ ಅಂದ್ರೂ ಬೇಡ, ಆಂಬುಲೆನ್ಸ್ ಅಂದ್ರೂ ಬೇಡ ಅಂದ್ರೆ?"

ನಾನು ಕುರ್ಚಿಯಿಂದ ಎದ್ದು ನಿಂತೆ. ಇಂಥ ಮಾತು ಕೂತು ಆಡುವಂಥದ್ದಲ್ಲ.

"ಪದ್ಮಕ್ಕ, ನಾನಿಲ್ವಾ? ಆಸ್ಪತ್ರೆ ಬಾಗಿಲಿಂದ ನಮ್ಮನೆ ಬಾಗಿಲಿಗೆ ನನ್ನ ಕಾರಲ್ಲಿ ಕರ್ಕೊಂಡು ಬರ್ತೀನಿ. ಮಂಡಿ ಬದ್ಲಾಯ್ಸಿದಾರೆ ಅಂತ ನಿಮ್ಗೇ ಮರ್ತುಹೋಗ್ಬೇಕು, ಹಾಗೆ ಓಡಿಸ್ತೀನಿ."

ಪದ್ಮಕ್ಕನ ಕಣ್ಣಲ್ಲಿ ನೀರು ಬಂತು. "ಆಯ್ತಪ್ಪ ಸಂಪತ್, ನಿನ್ನ ಮಾತಿನ ಮೇಲೆ ಹೂಂ ಅಂತೀನಿ" ಎಂದು ಆಪರೇಷನ್‌ಗೆ ಒಪ್ಪಿಕೊಂಡರು. ವೇದಾ ನನ್ನನ್ನು ನೋಡಿದ ರೀತಿ ನೋಡಿ ನನಗೇ ನಾಚಿಕೆಯಾಯಿತು. ಮದುವೆಯ ಹೊಸತರಲ್ಲಿ ಹಾಗೆ ನೋಡುತ್ತಿದ್ದಳು.

ಆ ವಾರ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ ಬಂತು. ಮಳೆ ಬಂದರೆ ಮುಳುಗುವ ವೇಲಚೇರಿಯ ಜನ ಇಂಥ ಸುದ್ದಿ ಕೇಳಿದ ತಕ್ಷಣ ಹಾಲು, ಮೇಣದಬತ್ತಿ ತರುವ ಮೊದಲು ಕಾರನ್ನು ಫ್ಲೈಓವರ್ ಮೇಲೆ ನಿಲ್ಲಿಸಿ ಬರುತ್ತಾರೆ. ನಮ್ಮ ಫ್ಲ್ಯಾಟಿನವರೆಲ್ಲ ಹೊರಟರು, ನಾನೂ ಹೊರಟೆ. ಸೇತುವೆಯ ಗೋಡೆಗೆ ಅಂಟಿಸಿದ ಹಾಗೆ ಒಂದೇ ಏಟಿಗೆ ನಿಲ್ಲಿಸಿದೆ. ಮೇಲಿನ ಮನೆಯ ಬಾಲಾಜಿ ನೋಡುತ್ತಿದ್ದರು. ನೋಡಲಿ ಎಂದೇ ಹಾಗೆ ನಿಲ್ಲಿಸಿದ್ದು.

"ಅಂಕಲ್, ನಿಮ್ಮ ಇನ್ಶೂರೆನ್ಸಲ್ಲಿ ಎಂಜಿನ್‌ಗೆ ನೀರು ಹೋದ್ರೆ ಕವರ್ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಎಲ್ಲ ಕವರೂ ಇದೆ. ಸೇಫ್ಟಿ ಆಫೀಸರ್ ಕಾರಪ್ಪಾ ಇದು" ಎಂದು ಡ್ಯಾಶ್‌ಬೋರ್ಡಿನಿಂದ ಪಾಲಿಸಿ ತೆಗೆದು ಅವರ ಕೈಗೇ ಕೊಟ್ಟೆ.

ಬಾಲಾಜಿ ಓದಿದರು. ಪುಟ ತಿರುವಿ ಇನ್ನೊಮ್ಮೆ ಓದಿದರು. ಆಮೇಲೆ ಬಹಳ ಮರ್ಯಾದೆಯಿಂದ ವಾಪಸ್ ಕೊಟ್ಟರು. "ಅಂಕಲ್, ಇದು ಹೋದ ವರ್ಷದ್ದು."

ಹಳೆಯ ಫೋನ್ ನಂಬರನ್ನು ನಾನು ಹಾಸನದಲ್ಲೇ ಬಿಟ್ಟು ಬಂದಿದ್ದೆ. ಪಾಲಿಸಿ ಮುಗಿಯುತ್ತಿದೆ ಎಂಬ ಮೆಸೇಜುಗಳೆಲ್ಲ ಆ ನಂಬರಿಗೆ ಹೋಗಿ, ಈಗ ಅದನ್ನು ಇಟ್ಟುಕೊಂಡಿರುವ ಪುಣ್ಯಾತ್ಮನನ್ನು ಕಾಡುತ್ತಿರಬೇಕು.

ಮರುದಿನ ಮುರುಗನ್ ಎಂಬ ಏಜೆಂಟರಿಗೆ ಫೋನ್ ಮಾಡಿದೆ. ಪಾಲಿಸಿ ಮಧ್ಯೆ ಕಡಿದುಹೋದ ಕಾರಾದ್ದರಿಂದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಡಿಯೊ ಮಾಡಿ ಕಳಿಸಬೇಕು, ಎಲ್ಲೂ ನಿಲ್ಲಿಸಬಾರದು ಎಂದರು. ದೇವಸ್ಥಾನ ಬಿಟ್ಟು ಬೇರೆ ಕಡೆ ನಾನು ಪ್ರದಕ್ಷಿಣೆ ಹಾಕಿದ್ದು ಅದೇ ಮೊದಲು. ಮೊದಲ ವಿಡಿಯೊದಲ್ಲಿ ಕಾರಿಗಿಂತ ನನ್ನ ಹೆಬ್ಬೆರಳು ಹೆಚ್ಚು ಇದೆ ಎಂದು ವಾಪಸ್ ಬಂತು. ಎರಡನೆಯದರಲ್ಲಿ ಬಾಗಿಲಿನ ಮೇಲೆ ನನ್ನ ಹೊಟ್ಟೆಯ ಪ್ರತಿಬಿಂಬ ಬಿದ್ದು ಬಣ್ಣ ಕಾಣುವುದಿಲ್ಲ ಎಂದು ಬಂತು. ಮೂರನೆಯದು ಅಚ್ಚುಕಟ್ಟಾಗಿತ್ತು. ಕಳಿಸಿದ ಮೇಲೆ ಮುರುಗನ್ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಕೆಲಸ ಮಾಡಿದವರು, ಕನ್ನಡ ಬರುತ್ತಿತ್ತು.

"ಸಾರ್, ವಿಡಿಯೊ ಸೂಪರ್. ಆದ್ರೆ ಅದ್ರಲ್ಲಿ ಒಬ್ರು ಮೇಡಂ ಮಾತಾಡ್ತಾರೆ."

"ಏನಂತಾರೆ?"

"'ರೀ, ಆ ಕಡೆ ಬಾಗ್ಲು ತಗ್ಗಾಗಿರೋದು ತೋರಿಸ್ಬೇಡಿ, ಬೇಗ ಬನ್ನಿ' ಅಂತಾರೆ ಸಾರ್."

ಆ ಬಾಗಿಲೊಂದನ್ನು ಬಿಟ್ಟು ಮಿಕ್ಕ ಕಾರಿಗೆ ಇನ್ಶೂರೆನ್ಸ್ ಸಿಕ್ಕಿತು. ಮುಗಿಯಿತಲ್ಲ ಎಂದು ಫೋನ್ ಇಡುವಷ್ಟರಲ್ಲಿ ಮುರುಗನ್ ಕೇಳಿದರು. "ಸಾರ್, ನಿಮ್ಮ ಲೈಸೆನ್ಸ್ ಚಾಲ್ತಿಯಲ್ಲಿ ಇದೆ ತಾನೇ? ಇಲ್ದಿದ್ರೆ ಈ ಇನ್ಶೂರೆನ್ಸ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಪರ್ಸಿನಿಂದ ಲೈಸೆನ್ಸ್ ತೆಗೆದು ನೋಡಿದೆ. ಅದರಲ್ಲಿದ್ದ ಫೋಟೊದಲ್ಲಿ ನನ್ನ ತಲೆತುಂಬ ಕೂದಲಿತ್ತು. ಅಷ್ಟೇ ಸಾಕು, ದಿನಾಂಕ ನೋಡುವ ಅಗತ್ಯವಿರಲಿಲ್ಲ. ನೋಡಿದೆ. ಅವಧಿ ಮುಗಿದು ಎಷ್ಟೋ ಕಾಲವಾಗಿ, ಬರೀ ನವೀಕರಿಸಿದರೆ ಸಾಲದು, ಮೊದಲಿನಿಂದ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು, ಒಂದು ತಿಂಗಳು ಕಾದು, ಟೆಸ್ಟ್ ಕೊಡಬೇಕು ಎನ್ನುವ ಹಂತಕ್ಕೆ ಹೋಗಿತ್ತು.

ಪದ್ಮಕ್ಕನ ಆಪರೇಷನ್ ಅಷ್ಟರಲ್ಲಿ ಆಗಿಹೋಗಿತ್ತು. ಮುಂದಿನ ವಾರ ಮನೆಗೆ ಕಳಿಸುತ್ತಾರೆ.

ಕಲಿಯುವವರ ಲೈಸೆನ್ಸಿಗೆ ಕಂಪ್ಯೂಟರಿನ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆ ಆಫೀಸಿನ ವರಾಂಡದಲ್ಲಿ ಬೆಳಗ್ಗೆಯಿಂದ ಕೂತು, ಫ್ಯಾನಿನ ಗಾಳಿ ಬರುವ ಬೆಂಚಿಗೆ ಒಬ್ಬೊಬ್ಬರಾಗಿ ಸರಿಯುತ್ತ, ನನ್ನ ಸರದಿ ಬರುವಾಗ ಮೈಯಲ್ಲಿದ್ದ ಉಪ್ಪೆಲ್ಲ ಅಂಗಿಗೆ ಇಳಿದಿತ್ತು. ಸುತ್ತ ಇದ್ದವರೆಲ್ಲ ಮೀಸೆ ಈಗ ಚಿಗುರುತ್ತಿರುವವರು. ಒಬ್ಬ ನನ್ನನ್ನು ಅವರಲ್ಲಿ ಯಾರದೋ ತಾತ ಎಂದುಕೊಂಡು "ಮೊಮ್ಮಗ ಒಳಗಿದ್ದಾನಾ?" ಎಂದು ತಮಿಳಿನಲ್ಲಿ ವಿಚಾರಿಸಿದ.

ಪ್ರಶ್ನೆಗಳಿಗೆ ನಾನು ಅನುಭವದಿಂದ ಉತ್ತರ ಕೊಟ್ಟೆ. ಅದೇ ತಪ್ಪಾಯಿತು. ಹಳದಿ ದೀಪ ಬಂದರೆ ಏನು ಮಾಡಬೇಕು ಎಂದು ಕೇಳಿತ್ತು. ಏನು ಮಾಡುತ್ತೇವೋ ಅದನ್ನೇ ಒತ್ತಿದೆ. ಕಿರಿದಾದ ಸೇತುವೆಯಲ್ಲಿ ಎದುರಿನಿಂದ ಗಾಡಿ ಬಂದರೆ ಎಂದು ಕೇಳಿತ್ತು. ಅಲ್ಲೂ ಸತ್ಯವನ್ನೇ ಒತ್ತಿದೆ. ಕಂಪ್ಯೂಟರು ನನ್ನನ್ನು ಫೇಲ್ ಮಾಡಿತು. ಇನ್ನೊಂದು ದಿನ ಹೋಗಿ, ಮತ್ತೆ ಬೆಂಚಿನಿಂದ ಬೆಂಚಿಗೆ ಸರಿದು, ಈ ಸಲ ನಾನು ಎಂದೂ ಮಾಡದ ಕೆಲಸಗಳನ್ನೆಲ್ಲ ಆರಿಸಿ ಒತ್ತಿದ್ದಕ್ಕೆ ಪಾಸಾದೆ.

ಪಾಸಾದ ಮೇಲೆ ಗೊತ್ತಾಯಿತು, ಇದು ಸಾಲದು ಎಂದು. ಕಾರಿನ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಬೇಕು, ಜೊತೆಗೆ ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಬಾಲಾಜಿಯನ್ನು ಕೇಳಿದೆ. ಆಫೀಸಿನವರು ಅವರನ್ನು ಪುಣೆಗೆ ಕಳಿಸುತ್ತಿದ್ದರು. ಮುರುಗನ್‌ಗೆ ಬೈಕಿನ ಲೈಸೆನ್ಸ್ ಮಾತ್ರ ಇತ್ತು. ಬಾಡಿಗೆ ಡ್ರೈವರನ್ನು ಕರೆಯೋಣವೆಂದರೆ, ಓಡಿಸುತ್ತೇನೆ ಎಂದು ಎದ್ದು ನಿಂತು ಹೇಳಿದವನು ನಾನು. ಮಾತು ಕೊಟ್ಟದ್ದನ್ನು ವೇದಾ ಒಂದು ಸಲವೂ ನೆನಪಿಸಲಿಲ್ಲ. ಪದ್ಮಕ್ಕನಿಗೆ ಮಂಚ ಸರಿ ಮಾಡುವುದು, ಹೊಸ ದಿಂಬಿಗೆ ಗವಸು ಹೊಲಿಯುವುದು ಮಾಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನಸ್ಸು ಕೆಟ್ಟಾಗ ಯಾರನ್ನಾದರೂ ಗೋಳುಹೊಯ್ದುಕೊಳ್ಳುವುದು ನನ್ನ ಹಳೆಯ ಔಷಧಿ. ಫೋನಿಗೆ ಟವೆಲ್ ಸುತ್ತಿ, ಗಂಟಲು ದಪ್ಪ ಮಾಡಿ, ಭಾವನಿಗೆ ಫೋನ್ ಮಾಡಿದೆ. ಸಾರಿಗೆ ಆಫೀಸಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದಿದೆ, ನಾಳೆಯೇ ಬಂದು ವಿವರಣೆ ಕೊಡಬೇಕು ಎಂದು ನನಗೆ ಗೊತ್ತಿದ್ದ ಅಷ್ಟೂ ತಮಿಳನ್ನು ಖರ್ಚು ಮಾಡಿದೆ. ಅಯ್ಯೋ, ನನ್ನ ಹತ್ತಿರ ಲೈಸೆನ್ಸೇ ಇಲ್ಲವಲ್ಲ ಸಾರ್ ಎಂದು ಅವರು ಗಾಬರಿಯಾಗುವುದನ್ನು ಕೇಳಲು ಕಿವಿ ನಿಮಿರಿಸಿದೆ.

"ಒಂದು ನಿಮಿಷ ಇರಿ" ಎಂದರು. ಬೀರು ತೆರೆದ ಸದ್ದಾಯಿತು. ಆಮೇಲೆ ನಿಧಾನವಾಗಿ ಒಂದು ನಂಬರನ್ನೂ ಒಂದು ದಿನಾಂಕವನ್ನೂ ಓದಿದರು. ದಿನಾಂಕ ಇನ್ನೂ ಬಹಳ ಮುಂದಿನದು.

ನಾನು ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ. ಭಾವನೇ ಕನ್ನಡದಲ್ಲಿ ಮುಂದುವರಿಸಿದರು.

"ಸಂಪತ್, ಬಾಯಿಗೆ ಏನೋ ಬಟ್ಟೆ ಅಡ್ಡ ಇದೆ, ತೆಗ್ದು ಮಾತಾಡಪ್ಪ. ನಿನ್ನ ತಮಿಳು ಇನ್ನೂ ಹೊಸೂರು ದಾಟಿಲ್ಲ."

"ಭಾವ, ನಿಮ್ಹತ್ರ ಲೈಸೆನ್ಸ್ ಇದೆಯಾ?"

"ಕೆಲಸಕ್ಕೆ ಸೇರ್ದಾಗ ಸ್ಕೂಲಿಗೆ ಹೋಗಿ ಕಲ್ತೆ, ಟೆಸ್ಟ್ ಕೊಟ್ಟೆ. ಆಮೇಲೆ ಪ್ರತಿ ಸಲ ಡೇಟಿಗೆ ಮುಂಚೆ ರಿನ್ಯೂ ಮಾಡಿದೀನಿ."

"ಓಡ್ಸಿದ್ದು ಯಾವಾಗ?"

"ಟೆಸ್ಟಲ್ಲಿ."

"ಆಮೇಲೆ?"

"ಆಮೇಲೆ ಎದುಕ್ಕು, ಯಾಕೆ ಬೇಕು? ಪೆರಂಬೂರಲ್ಲಿ ಟ್ರೇನ್ ಇದೆಯಲ್ಲಾ."

ಅಲ್ಲಿಗೆ ಪರಿಸ್ಥಿತಿ ಹೀಗೆ ನಿಂತಿತು. ಓಡಿಸಲು ಬರುವವನಿಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇರುವವರಿಗೆ ಓಡಿಸಲು ಬರುವುದಿಲ್ಲ. ನಾನು ಟವೆಲಿನಿಂದ ಬೆವರು ಒರೆಸಿಕೊಂಡು ಎಲ್ಲವನ್ನೂ ಹೇಳಿದೆ. ಆ ಕಡೆ ಅವರು ನಗಲಿಲ್ಲ. ಅದೂ ಒಂದು ಹಿಂಸೆಯೇ.

"ರೂಲ್ ಏನಪ್ಪಾ ಅಂದ್ರೆ," ಎಂದರು ಭಾವ, "ಎಲ್ ಬೋರ್ಡ್ ಗಾಡೀಲಿ ಲೈಸೆನ್ಸ್ ಇರೋವ್ರು ಪಕ್ಕದಲ್ಲಿ ಕೂತಿರ್ಬೇಕು. ಬೇಕಾದಾಗ ಗಾಡಿ ನಿಲ್ಸೋ ಹಾಗೆ ಕೂತಿರ್ಬೇಕು. ದಿನಾ ಓಡ್ಸ್ತಿರ್ಬೇಕು ಅಂತ ಎಲ್ಲೂ ಹೇಳಿಲ್ಲ. ನಾನು ಬರ್ತೀನಿ. ಪದ್ಮಾಗೆ ನೀನು ಮಾತು ಕೊಟ್ಟಿದೀಯ."

ಡಿಸ್ಚಾರ್ಜ್ ದಿನ ನಾನು ಪೆರಂಬೂರಿನ ಆಸ್ಪತ್ರೆಗೆ ಹೋಗಲೂ ಅವರು ಪಕ್ಕದಲ್ಲಿರಬೇಕಲ್ಲ. ಆದ್ದರಿಂದ ಪೆರಂಬೂರಿನಲ್ಲಿದ್ದ ಮನುಷ್ಯ ಬೆಳಗ್ಗೆ ಎದ್ದು, ಎರಡು ಟ್ರೇನ್ ಬದಲಿಸಿ, ವೇಲಚೇರಿಗೆ ಬಂದು, ನನ್ನನ್ನು ಪೆರಂಬೂರಿಗೆ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಲೈಸೆನ್ಸ್. ಕಾರಿಗೆ ಅಂಟಿಸಿದ್ದ ಕೆಂಪು ಎಲ್ ಓರೆಯಾಗಿದೆ ಎಂದು ಕಿತ್ತು ನೆಟ್ಟಗೆ ಅಂಟಿಸಿದರು. ನಮ್ಮ ಫ್ಲ್ಯಾಟಿನ ವಾಚ್‌ಮನ್ ಕೈಯಲ್ಲಿದ್ದ ಟೀ ಕುಡಿಯುವುದನ್ನು ಮರೆತು ನೋಡುತ್ತಿದ್ದ.

ಸೀಟಿನಲ್ಲಿ ಕೂತ ಕೂಡಲೇ ಭಾವ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅದ್ಯಾಕೆ ಭಾವ ಹಿಡ್ಕೊಂಡಿದೀರಿ?"

"ಬೇಕಾದಾಗ ನಿಲ್ಸಕ್ಕೆ."

"ನಿಲ್ಸೋದು ನಾನು."

"ನೀನು ಕಲಿಯೋವ್ನು, ಸಂಪತ್. ರೂಲ್ ಪ್ರಕಾರ ಜವಾಬ್ದಾರಿ ನಂದು. ಹೋಗು, ಮೆದುವಾ ಹೋಗು."

ಹೋಗುವಾಗ ಹೇಗೋ ಹೋದೆವು. ಬರುವಾಗ ಹಿಂದಿನ ಸೀಟಿನ ಉದ್ದಕ್ಕೂ ಪದ್ಮಕ್ಕನ ಕಾಲು, ದಿಂಬಿನ ಮೇಲೆ. ಮೂಲೆಯಲ್ಲಿ ಆ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡ ವೇದಾ. ಪದ್ಮಕ್ಕ ಭಯಪಟ್ಟುಕೊಂಡೇ ಹತ್ತಿದರು. ಬಾಗಿಲು ಹಾಕಿದ ಮೇಲೂ ಬಾಗಿಲಿನ ಹಿಡಿ ಬಿಡಲಿಲ್ಲ. ನಾನು ಹಾಸ್ಯ ಮಾಡಲು ಹೋಗದೆ ಗಾಡಿ ಶುರು ಮಾಡಿದೆ. ಆ ದಿನ ನಾನು ಓಡಿಸಿದ ಹಾಗೆ ಜನ್ಮದಲ್ಲಿ ಓಡಿಸಿಲ್ಲ. ಪುರಸವಾಕ್ಕಂನ ಹೊಂಡಗಳನ್ನು ಒಂದೊಂದಾಗಿ ಮಾತಾಡಿಸಿ, ಕ್ಷಮೆ ಕೇಳಿ ದಾಟಿಸಿದೆ. ಹಿಂದಿನ ಬಸ್ಸುಗಳೆಲ್ಲ ಹಾರ್ನ್ ಹೊಡೆದವು. ಆಟೋದವರು ಪಕ್ಕಕ್ಕೆ ಬಂದು ಎಲ್ ನೋಡಿ, ನನ್ನ ತಲೆ ನೋಡಿ, ಮತ್ತೆ ಎಲ್ ನೋಡಿ ಹೋದರು.

"ಎಡಗಡೆ ಕ್ಲಿಯರ್" ಎನ್ನುತ್ತಿದ್ದರು ಭಾವ. "ಸೈಕಲ್ ಬರ್ತಿದೆ. ಮಾಡು ನಿಂತಿದೆ. ಸಿಗ್ನಲ್ ಬರತ್ತೆ."

"ಮಾಡು ಅಂದ್ರೆ ಹಸು ರೀ" ಎಂದು ವೇದಾ ಹಿಂದಿನಿಂದ ನನಗೆ ತರ್ಜುಮೆ ಮಾಡುತ್ತಿದ್ದಳು. ಅಷ್ಟು ದೊಡ್ಡ ಹಸು ನನಗೇ ಕಾಣುತ್ತಿತ್ತು.

ಸೈದಾಪೇಟೆಯ ಹತ್ತಿರ ಹಸಿರು ದೀಪ ಹಳದಿಯಾಯಿತು. ಕಂಪ್ಯೂಟರು ಕಲಿಸಿದ ಹಾಗೆ ನಾನು ನಿಧಾನ ಮಾಡತೊಡಗಿದ್ದೆ. ಭಾವ ಆ ವೇಳೆಗೆ ಜವಾಬ್ದಾರಿಯನ್ನು ತಾವೇ ವಹಿಸಿಕೊಂಡು ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಒಮ್ಮೆ ಕೆಮ್ಮಿ, ಗೆರೆಯ ಮೇಲೆ ಅಡ್ಡಡ್ಡ ನಿಂತು ಆಫ್ ಆಯಿತು. ಪದ್ಮಕ್ಕ "ನಾರಾಯಣ" ಎಂದರು. ಎದುರಿಗೇ ನೆರಳಿನಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸ್ ಕರ್ನಾಟಕದ ನಂಬರ್ ಪ್ಲೇಟ್ ನೋಡಿ ಟೋಪಿ ಸರಿಮಾಡಿಕೊಂಡು ಹೊರಟ.

ಇಲ್ಲಿ ಸಿಕ್ಕಿಬಿದ್ದರೆ ಪದ್ಮಕ್ಕ ಬಿಸಿಲಲ್ಲಿ ಇಳಿಯಬೇಕು, ಬಾಡಿಗೆ ಗಾಡಿಯೇ ಹತ್ತಬೇಕು. ವೇದಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

ಕಲಿಯುವವರ ಲೈಸೆನ್ಸ್ ಕೊಟ್ಟೆ, ಇನ್ಶೂರೆನ್ಸ್ ಕೊಟ್ಟೆ. ಅವನು ಜೊತೆಗಿರುವವರು ಯಾರು ಎಂದು ಕೇಳಿದ. ಭಾವ ಕವರಿನಿಂದ ತಮ್ಮ ಲೈಸೆನ್ಸ್ ತೆಗೆದುಕೊಟ್ಟರು. ಪೊಲೀಸ್ ಅದನ್ನು ತಿರುಗಿಸಿ ನೋಡಿದ. ಹಳೆಯದು, ಚೊಕ್ಕಟವಾದದ್ದು, ಒಂದು ತಪ್ಪೂ ಇಲ್ಲದ್ದು. ಅವನ ಮುಖ ಬದಲಾಯಿತು. ಎರಡೂ ಕೈಯಲ್ಲಿ ವಾಪಸ್ ಕೊಟ್ಟ.

"ಹಿರಿಯರೇ, ಇಷ್ಟು ವರ್ಷದಿಂದ ಓಡಿಸ್ತಿದೀರಾ?" ಎಂದು ತಮಿಳಿನಲ್ಲಿ ಕೇಳಿದ.

"ಒಂದು ಕೇಸ್ ಇಲ್ಲ, ಒಂದು ಆಕ್ಸಿಡೆಂಟ್ ಇಲ್ಲ" ಎಂದರು ಭಾವ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

"ಈ ವಯಸ್ಸಲ್ಲಿ ಇನ್ನೊಬ್ರಿಗೆ ಕಲಿಸೋಕೆ ಎಷ್ಟು ತಾಳ್ಮೆ ಬೇಕು" ಎಂದ ಪೊಲೀಸ್. ನನ್ನ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. "ಸಾರ್, ಗಾಡಿ ಆಫ್ ಆಯ್ತು ಅಂತ ಭಯ ಪಡಬೇಡಿ. ಎಲ್ರಿಗೂ ಮೊದ್ಲು ಹೀಗೇ. ಅವರು ಹೇಳಿದ ಹಾಗೆ ಕೇಳಿ."

ಹಿಂದಿನ ಸೀಟಿನಿಂದ ಒಂದು ವಿಚಿತ್ರ ಸದ್ದು ಬಂತು. ಪದ್ಮಕ್ಕ ಅಳುತ್ತಿದ್ದಾರೆಂದು ಹೆದರಿ ತಿರುಗಿದೆ. ನಗುತ್ತಿದ್ದರು. ವೇದಾಳ ಮಡಿಲಲ್ಲಿದ್ದ ಹೊಸ ಮಂಡಿ ಅಲ್ಲಾಡುವಷ್ಟು ನಗುತ್ತಿದ್ದರು. ಬಾಗಿಲಿನ ಹಿಡಿ ಬಿಟ್ಟಿದ್ದರು. ಪೊಲೀಸ್ ಕೈ ಅಡ್ಡ ಹಿಡಿದು ಬಸ್ಸುಗಳನ್ನು ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟ. ಮನೆ ಸೇರುವವರೆಗೂ ಪದ್ಮಕ್ಕನಿಗೆ ಮಂಡಿಯ ನೆನಪೇ ಬರಲಿಲ್ಲ.

ಪದ್ಮಕ್ಕನನ್ನು ದಿನ ಬಿಟ್ಟು ದಿನ ಮಂಡಿಯ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅದಕ್ಕೂ ನನ್ನದೇ ಕಾರು. ಕಾರಿಗೆ ನಾನು, ನನಗೆ ಭಾವ. ಹೀಗಾಗಿ ಅವರೂ ನಮ್ಮ ಮನೆಯಲ್ಲೇ ಉಳಿದರು. ಬೆಳಗ್ಗೆ ಕಾಫಿ ಆದ ಮೇಲೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು "ಏನಪ್ಪಾ, ಕ್ಲಾಸಿಗೆ ಹೊರಡೋಣ್ವಾ?" ಎನ್ನುತ್ತಿದ್ದರು. ಮೊದಮೊದಲು ನಾನು ಉತ್ತರ ಕೊಡುತ್ತಿದ್ದೆ. ಆಮೇಲೆ ದಣಿದು ಸುಮ್ಮನೆ ಬೀಗದ ಕೈ ತೆಗೆದುಕೊಂಡು ಹೊರಡತೊಡಗಿದೆ.

ತಿಂಗಳು ಕಳೆದು ಟೆಸ್ಟ್ ಬಂತು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಹೊರಡಿ ಎಂದರು. ನಾನು ಹೊರಡಲಿಲ್ಲ. ಏನೋ ಕಮ್ಮಿ ಅನ್ನಿಸುತ್ತಿತ್ತು. ಅವರತ್ತ ತಿರುಗಿ "ಭಾವ, ಎಡಗಡೆ ಕ್ಲಿಯರಾ?" ಎಂದು ಕೇಳಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಏನೋ ಪ್ರಾರ್ಥನೆ ಮಾಡಿದ ಎಂದುಕೊಂಡಿರಬೇಕು. ಪಾಸು ಮಾಡಿದರು.

ಪದ್ಮಕ್ಕ ಈಗ ಕೋಲಿಲ್ಲದೆ ನಡೆಯುತ್ತಾರೆ. ಅವರನ್ನೂ ಭಾವನನ್ನೂ ಪೆರಂಬೂರಿಗೆ ಬಿಟ್ಟು ಬರಲು ಹೋದಾಗ ಬೀದಿಯವರೆಲ್ಲ ಕಾರಿನ ಸುತ್ತ ಸೇರಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ವಯಸ್ಸಿನವರನ್ನು ಮೊದಲ ಸಲಕ್ಕೇ ಪಾಸು ಮಾಡಿಸಿದ್ದೀರಲ್ಲ, ನನಗೂ ಕಲಿಸಿಕೊಡಿ ಎಂದು ಭಾವನ ಕೈ ಹಿಡಿದುಕೊಂಡರು.

ಭಾವ ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು, ಮೆಟ್ಟಿಲು ಹತ್ತುತ್ತ ಹೇಳಿದರು.

"ಆಗಲ್ಲ ಸಾರ್. ಒಬ್ಬನಿಗೆ ಕಲಿಸಿದ್ದಕ್ಕೇ ಸಾಕಾಗಿಹೋಗಿದೆ."